ಎದುರು ನಿಂತವನೂ ಒಬ್ಬ ತಾಯಿಯ ಮಗ

ಹೊರ್ತಿಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ತಂದೆಗೆ ಎರಡೆಕರೆ ಲಿಂಬೆ ತೋಟ, ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಜೋಳದ ಹೊಲ. ಮಗ ವಿಜಯಪುರದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾನೆ. ರಜೆಗೆ ಬಂದವನು ಊಟಕ್ಕೆ ಕುಳಿತಾಗ ಹೇಳುತ್ತಾನೆ: "ಅಪ್ಪಾ, ಸ್ಕಾಲರ್‌ಶಿಪ್ ರೊಕ್ಕ ಇನ್ನೂ ಬಂದಿಲ್ಲ. ಸೋಮವಾರದಿಂದ ನಾವೆಲ್ಲಾ ಧರಣಿ ಕುಂಡ್ರತೀವಿ." ತಂದೆಗೆ ಸಿಟ್ಟು ಬರುತ್ತದೆ. "ನಿನ್ನ ಓದಾಕ ಕಳಿಸೀನೋ, ಜಗಳಾ ಮಾಡಾಕ ಕಳಿಸೀನೋ?" ತಾಯಿ ಮಾತಾಡದೆ ಮಗನ ಚೀಲದಿಂದ ಇಣುಕುವ ಪುಸ್ತಕವನ್ನು ನೋಡುತ್ತಾಳೆ. ಅದು ನಿರಂಜನರ ‘ಚಿರಸ್ಮರಣೆ’. ಇಂಥವನ್ನು ಓದಿಯೇ ಹುಡುಗ ಹೀಗಾದನೇನೋ ಎಂಬುದು ಆಕೆಯ ಚಿಂತೆ.

ಈ ತಂದೆತಾಯಿಯ ಭಯ ಸುಳ್ಳಲ್ಲ. ಮಗನ ಸಿಟ್ಟೂ ಸುಳ್ಳಲ್ಲ. ಹಾಗಾದರೆ ಕ್ರೈಸ್ತ ಕುಟುಂಬವೊಂದು ಇವೆರಡನ್ನೂ ಹೇಗೆ ತೂಗಬೇಕು? ಆ ಪುಸ್ತಕವನ್ನೇ ಬಿಡಿಸಿ ನೋಡೋಣ.

‘ಚಿರಸ್ಮರಣೆ’ ಪ್ರಕಟವಾದದ್ದು 1955ರಲ್ಲಿ. ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರು ಎಂಬ ಹಳ್ಳಿಯ ಕತೆ ಅದು. ಆಗ ಆ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹೊಲ ಉಳುವವನಿಗೆ ಹೊಲದ ಮೇಲೆ ಹಕ್ಕಿರಲಿಲ್ಲ. ಬೆಳೆದದ್ದರಲ್ಲಿ ಬಹುಪಾಲು ಜಮೀನ್ದಾರನ ಮನೆಗೆ ಹೋಗುತ್ತಿತ್ತು. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ಶಾಲೆಯ ಮಾಸ್ತರರೊಬ್ಬರ ಮಾತಿನಿಂದ ಕಣ್ತೆರೆದು ರೈತರ ಸಂಘಟನೆಗೆ ಇಳಿಯುತ್ತಾರೆ. ನಿರಂಜನರೂ ಹುಡುಗರಾಗಿದ್ದಾಗ ಸಮೀಪದ ನೀಲೇಶ್ವರದ ಶಾಲೆಯಲ್ಲಿ ಓದಿದವರು.

ಕಾದಂಬರಿಯ ಹಿಂದೆ ನಡೆದ ಘಟನೆ ಇದೆ. 1941ರ ಮಾರ್ಚ್ ತಿಂಗಳಲ್ಲಿ, ಪೊಲೀಸರ ದೌರ್ಜನ್ಯವನ್ನು ಖಂಡಿಸಿ ಕಯ್ಯೂರಿನ ರೈತರು ಮೆರವಣಿಗೆ ಹೊರಟರು. ದಾರಿಯಲ್ಲಿ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಸಿಕ್ಕ. ಜನ ಅವನ ಕೈಗೆ ಬಾವುಟ ಕೊಟ್ಟು ಮುಂದೆ ನಡೆಸಿದರು. ತಪ್ಪಿಸಿಕೊಳ್ಳಲೆಂದು ಅವನು ಹೊಳೆಗೆ ಹಾರಿದ. ಕಲ್ಲುಗಳು ಬಿದ್ದವು. ಅವನು ಮುಳುಗಿ ಸತ್ತ. ಮುಂದೆ 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಅಪ್ಪು, ಚಿರುಕಂಡ, ಕುಞ್ಞಂಬು ನಾಯರ್, ಅಬೂಬಕ್ಕರ್ ಈ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಇನ್ನೊಬ್ಬನಿಗೂ ಮರಣದಂಡನೆ ಆಗಿತ್ತು. ಪ್ರಾಯಕ್ಕೆ ಬಾರದ ಹುಡುಗನೆಂದು ಅವನ ಜೀವ ಉಳಿಯಿತು.

ಇದು ದೂರದ ಕರಾವಳಿಯ ಸುದ್ದಿ ಎನ್ನಬೇಡಿ. ಹೊರ್ತಿಯಿಂದ ಹೆದ್ದಾರಿ ಹಿಡಿದರೆ ಮುಂದೆ ಸಿಗುವುದು ಸೊಲ್ಲಾಪುರ. ಅಲ್ಲಿ 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದಿಂದ ಕೆರಳಿದ ಜನರ ಮೇಲೆ ಗುಂಡು ಹಾರಿತು, ಪೊಲೀಸರೂ ಸತ್ತರು, ಊರಿಗೆ ಮಾರ್ಷಲ್ ಲಾ ಬಂತು. ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಅವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೆ ಹಾಕಿದರು.

ಗಲ್ಲಿಗೇರಿದವರನ್ನು ನಾವು ನೆನೆಯುತ್ತೇವೆ. ನೆನೆಯಲೇಬೇಕು. ಅನ್ಯಾಯವನ್ನು ಕಂಡೂ ಸುಮ್ಮನಿರುವವನಿಗಿಂತ ಅದರ ವಿರುದ್ಧ ಎದ್ದವನು ದೊಡ್ಡವನೇ. ಆದರೆ ಆ ಪೇದೆ? ಅವನು ಜಮೀನ್ದಾರನಲ್ಲ, ವೈಸರಾಯನೂ ಅಲ್ಲ. ಸಂಬಳಕ್ಕೆ ದುಡಿಯುವ ಆಳು. ಅವನಿಗೂ ಹೆತ್ತವರಿದ್ದರು. ಅವನನ್ನು ಚಿರಸ್ಮರಣೆ ಮಾಡುವವರು ಯಾರು?

ನಮ್ಮ ನಾಡಿನ ಇನ್ನೊಂದು ಘಟನೆ ಇನ್ನೂ ಕಹಿ. 1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ವಿದ್ಯಾರ್ಥಿಗಳು ಬೀದಿಗಿಳಿದರು. ಭಾಷೆಯ ಅಭಿಮಾನದ ಹೆಸರಿನಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಅಲ್ಲಿ ಹೊಡೆದವರೂ ವಿದ್ಯಾರ್ಥಿಗಳೇ, ಹೊಡೆಸಿಕೊಂಡವರೂ ವಿದ್ಯಾರ್ಥಿಗಳೇ. ತಾರುಣ್ಯದ ಸಿಟ್ಟು ಯಾವಾಗಲೂ ಬಡವನ ಪಕ್ಷದಲ್ಲೇ ಇರುತ್ತದೆಂದು ನಂಬಲಾಗದು ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಆ ನೋವನ್ನು ಉಂಡ ತರುಣರು ಸುಮ್ಮನಾಗಲಿಲ್ಲ. ಅಂದಿನ ಯುವಕ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಪೆಟ್ಟು ತಿಂದವರು ಹಾಡು ಕಟ್ಟಿದರು. ಆ ಹಾಡು ಕನ್ನಡವನ್ನೇ ದೊಡ್ಡದು ಮಾಡಿತು.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ಜಗದ್ಗುರು ಆರನೇ ಪೌಲರು 1967ರಲ್ಲಿ ಜನಾಂಗಗಳ ಪ್ರಗತಿಯನ್ನು ಕುರಿತು ವಿಶ್ವಪತ್ರ ಬರೆದರು. ಬಡ ದೇಶಗಳ ಜನ ಅನ್ಯಾಯ ಸಹಿಸಲಾರದೆ ಹಿಂಸೆಯತ್ತ ಸೆಳೆಯಲ್ಪಡುವುದನ್ನು ಅವರು ಅರ್ಥಮಾಡಿಕೊಂಡಿದ್ದರು. ಬಹುಕಾಲದ, ಕಣ್ಣಿಗೆ ಕಾಣುವ ದಬ್ಬಾಳಿಕೆ ಮನುಷ್ಯರ ಹಕ್ಕುಗಳನ್ನೇ ನುಂಗುವಾಗಿನ ಸಂದರ್ಭ ಬೇರೆ ಎಂದು ಒಪ್ಪಿದರು. ಆದರೂ ಕ್ರಾಂತಿ ಸಾಮಾನ್ಯವಾಗಿ ಹೊಸ ಅನ್ಯಾಯಗಳನ್ನು ಹುಟ್ಟಿಸುತ್ತದೆಂದು ಎಚ್ಚರಿಸಿದರು. ಅದೇ ಪತ್ರದಲ್ಲಿ, ಧೈರ್ಯದ ಬದಲಾವಣೆಗಳು ತಡವಿಲ್ಲದೆ ಆಗಬೇಕೆಂದೂ ಕೇಳಿದರು. ನಾವು ಹಲವೊಮ್ಮೆ ಎಚ್ಚರಿಕೆಯನ್ನು ಮಾತ್ರ ಮಕ್ಕಳಿಗೆ ಹೇಳಿ, ಬದಲಾವಣೆಯ ಮಾತನ್ನು ಮರೆಯುತ್ತೇವೆ.

ಶುಭಸಂದೇಶವನ್ನೂ ಹಾಗೆಯೇ ಅರ್ಧ ಓದುವುದುಂಟು. ದೇವಾಲಯದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿದ ಯೇಸುಸ್ವಾಮಿಯ ಸಿಟ್ಟನ್ನು ಯುವಕರು ನೆನೆಯುತ್ತಾರೆ, ಹಿರಿಯರು ಮರೆಯುತ್ತಾರೆ. ಗೆತ್ಸೆಮನೆ ತೋಪಿನಲ್ಲಿ ನಡೆದದ್ದನ್ನು ಇಬ್ಬರೂ ಮರೆಯುತ್ತಾರೆ. ಸ್ವಾಮಿಯನ್ನು ಹಿಡಿಯಲು ಬಂದವರಲ್ಲಿ ಪ್ರಧಾನ ಯಾಜಕನ ಆಳೊಬ್ಬನಿದ್ದ. ಪೇತ್ರರು ಕತ್ತಿ ಹಿರಿದು ಅವನ ಕಿವಿ ಕತ್ತರಿಸಿದರು. ಅಪ್ಪಣೆ ಕೊಟ್ಟವರು ಅರಮನೆಯಲ್ಲಿ ಕ್ಷೇಮವಾಗಿದ್ದರು; ಏಟು ಬಿದ್ದದ್ದು ಆಳಿಗೆ. ಕಯ್ಯೂರಿನಲ್ಲೂ ಹಾಗೆಯೇ ಆಯಿತಲ್ಲವೇ? ಸ್ವಾಮಿ ಕತ್ತಿಯನ್ನು ಒರೆಗೆ ಸೇರಿಸುವಂತೆ ಹೇಳಿದರು, ಆ ಆಳಿನ ಕಿವಿಯನ್ನು ಮುಟ್ಟಿ ಗುಣಪಡಿಸಿದರು. ಹಾಗೆಂದು ಅವರು ಅಧಿಕಾರಿಗಳ ಮುಂದೆ ಸತ್ಯ ಹೇಳುವುದನ್ನು ಬಿಡಲಿಲ್ಲ.

ಆದ್ದರಿಂದ, ಪ್ರಿಯ ಪೋಷಕರೇ, ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದು ಪರಿಹಾರವಲ್ಲ. ಅವರೊಡನೆ ಕುಳಿತು ಓದೋಣ, ಕೇಳೋಣ: ನಿನ್ನ ಹೋರಾಟ ಯಾರ ಸಲುವಾಗಿ? ನಿನಗಿಂತ ದುರ್ಬಲನಿಗೆ ಅದರಿಂದ ಪೆಟ್ಟು ಬೀಳುತ್ತದೆಯೇ? ಎದುರು ನಿಂತವನ ಮುಖ ನಿನಗೆ ಕಾಣುತ್ತದೆಯೇ? ನಮ್ಮನ್ನೂ ಕೇಳಿಕೊಳ್ಳೋಣ: ನಾವು ಸುಮ್ಮನಿರುವುದು ಶಾಂತಿಗಾಗಿಯೋ, ಬರೀ ಅಂಜಿಕೆಯಿಂದಲೋ?

ಹೊರ್ತಿಯ ಆ ತಂದೆ ಇಷ್ಟನ್ನು ಯೋಚಿಸಿದರೆ ಮಗನಿಗೆ ಹೀಗೆ ಹೇಳಿಯಾನು: "ಹೋಗು, ಕುಂಡ್ರು. ಆದರ ಕೈಯಾಗ ಕಲ್ಲು ಹಿಡೀಬ್ಯಾಡ. ಬಂದೋಬಸ್ತಿಗೆ ಬಂದ ಪೊಲೀಸನೂ ನಮ್ಮಂಥ ರೈತನ ಮಗನ. ಬಿಸಿಲಾಗ ನಿಂತಿರ್ತಾನ, ನೀರು ಕೇಳಿದ್ರ ಕೊಡು. ಸಂತಿ ದಿನಾ ನಾನೂ ಬಂದು ನಿನ್ನ ಬಾಜೂಕ ಕುಂಡ್ರತೀನಿ."