ಬಿಸಿಲಿನ ಬೆಳೆಯಲ್ಲಿ ಹಕ್ಕಲು ಯಾರದು?



ಕಳೆದ ಸುಗ್ಗಿಯಲ್ಲಿ ಒಂದು ಸಾಯಂಕಾಲ ನಮ್ಮ ಸಭೆಯವರ ಮನೆಯೊಂದರಲ್ಲಿ ಪ್ರಾರ್ಥನೆಗೆ ಕೂಡಿದ್ದಾಗ ರೂತಳ ಚರಿತ್ರೆಯನ್ನು ಓದಿದೆವು. ಮೋವಾಬ್ ದೇಶದ ಆ ಬಡ ವಿಧವೆಯು ಬೋವಜನ ಹೊಲದಲ್ಲಿ ಕೊಯ್ಯುವವರ ಹಿಂದೆ ಹೋಗಿ ಹಕ್ಕಲಾಯ್ದು, ಅದನ್ನು ಬಡಿದು, ಅತ್ತೆಯ ಮುಂದೆ ತಂದಿಟ್ಟ ವೃತ್ತಾಂತವನ್ನು ನಾನು ವಿವರಿಸುತ್ತಿರುವಲ್ಲಿ, ಬಾಗಿಲ ಬಳಿ ಕೂತಿದ್ದ ಒಬ್ಬ ತಾಯಿಯು ಮಾತೆತ್ತಿದಳು. ಆಕೆಯು ಕೂಲಿಯನ್ನು ಹುಡುಕುತ್ತಾ ಬಯಲುಸೀಮೆಯಿಂದ ನಮ್ಮ ಕಡೆಗೆ ಬಂದವಳು. “ಅಯ್ಯನವರೇ, ಆ ಹೆಣ್ಣುಮಗಳಿಗೆ ಜವೆಗೋದಿಯ ಹೊಲವಾದರೂ ಇತ್ತು. ನಾನೂ ಕಡಲೇಕಾಯಿ ಕಿತ್ತ ಹೊಲದಲ್ಲಿ ಹಕ್ಕಲಾಯ್ದು ಮಕ್ಕಳನ್ನು ಸಾಕಿದವಳೇ. ಈಗ ಆ ಹೊಲದವರು ಸೋಲಾರಿಗೆ ಭೂಮಿ ಕೊಟ್ಟರು. ನೆಲದ ತುಂಬಾ ಗಾಜು ನಿಂತಿದೆ. ಗಾಜಿನ ಹೊಲದಲ್ಲಿ ಹಕ್ಕಲು ಉಂಟೋ?” ಎಂದು ಕೇಳಿದಳು.

ಆ ರಾತ್ರಿ ನನಗೆ ಉತ್ತರ ತೋಚಲಿಲ್ಲ. ಆದರೆ ಆ ಪ್ರಶ್ನೆಯು ನನ್ನನ್ನು ಬಿಡಲಿಲ್ಲವಾದ ಕಾರಣ ಅದನ್ನು ನಿಮ್ಮ ಮುಂದೆಯೂ ಇಡುತ್ತೇನೆ. ಒಬ್ಬನು ತನ್ನ ಭೂಮಿಯನ್ನು ನ್ಯಾಯವಾದ ಕರಾರಿನಿಂದ ಕೊಟ್ಟು, ನ್ಯಾಯವಾದ ಬಾಡಿಗೆಯನ್ನು ತಕ್ಕೊಂಡಲ್ಲಿ, ಅದೇ ಭೂಮಿಯಲ್ಲಿ ದುಡಿದು ಬದುಕಿದ ನೆರೆಯವನಿಗೆ ಅವನು ತೀರಿಸಬೇಕಾದದ್ದು ಇನ್ನೇನಾದರೂ ಉಂಟೋ?

ಮೊದಲು ಈ ಗಾಜಿನ ಬೆಳೆ ಎಂಥದೆಂದು ತಿಳಿಯೋಣ. ೧೮೩೯ನೇ ಇಸವಿಯಲ್ಲಿ ಫ್ರಾನ್ಸ್ ದೇಶದ ಎಡ್ಮಂಡ್ ಬೆಕರೆಲ್ ಎಂಬ ಯುವಕನು, ದ್ರಾವಣದಲ್ಲಿಟ್ಟ ಲೋಹದ ತಗಡುಗಳ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುವದನ್ನು ಕಂಡನು. ಆದರೂ ನೂರು ವರುಷಗಳಿಗಿಂತ ಹೆಚ್ಚು ಕಾಲ ಅದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನಿನಿಂದ ಕೆಲಸಕ್ಕೆ ಬರುವ ಸೌರಕೋಶವನ್ನು ಮಾಡಿದರು. ಅದು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ೬ ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾಡುತ್ತಿತ್ತು. ಈಗ ಅಂಗಡಿಯಲ್ಲಿ ದೊರಕುವ ಫಲಕಗಳು ನೂರಕ್ಕೆ ೨೦ ಪಾಲಿಗೂ ಹೆಚ್ಚನ್ನು ಕೊಡುತ್ತವೆ. ೧೯೭೦ರ ದಶಕದ ನಡುವೆ ಒಂದು ವಾಟಿನ ಕೋಶಕ್ಕೆ ಹತ್ತಾರು ಡಾಲರು ಬೆಲೆಯಿತ್ತು. ಈಗ ಅರ್ಧ ಡಾಲರು ಸಹ ಬೇಕಾಗಿಲ್ಲ.

ಅದರ ಕೆಲಸವೂ ಆಶ್ಚರ್ಯವೇ. ಮರಳಿನಿಂದ ತೆಗೆದು ಶುದ್ಧಿಮಾಡಿದ ಸಿಲಿಕಾನಿನ ತೆಳುವಾದ ಬಿಲ್ಲೆಯಲ್ಲಿ ಬೇರೆ ಬೇರೆ ಗುಣವುಳ್ಳ ಎರಡು ಪದರಗಳಿರುತ್ತವೆ. ಬಿಸಿಲು ತಾಕಿದಾಗ ಎಲೆಕ್ಟ್ರಾನ್ ಎಂಬ ಅತಿಸೂಕ್ಷ್ಮ ಕಣಗಳು ಸಡಿಲವಾಗಿ ಒಂದೇ ದಿಕ್ಕಿಗೆ ಹರಿಯುತ್ತವೆ. ಆ ಹರಿವೇ ವಿದ್ಯುತ್ತು. ಅಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ, ಸದ್ದೂ ಇಲ್ಲ. ನೆರಳು ಬೀಳದ ಸುಮಾರು ನೂರು ಚದರಡಿಯ ಮಾಳಿಗೆಯಲ್ಲಿ ಒಂದು ಕಿಲೋವಾಟಿನ ಫಲಕಗಳನ್ನು ಇಡಬಹುದು; ನಮ್ಮ ಸೀಮೆಯ ಬಿಸಿಲಿಗೆ ಅವು ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತವೆ. ಕಲ್ಲಿದ್ದಲಿನ ಹೊಗೆಯಿಂದ ಗಾಳಿ ಕೆಟ್ಟು, ಮಳೆಗಾಲಗಳು ತಪ್ಪುತ್ತಿರುವ ಈ ಕಾಲದಲ್ಲಿ ಇದು ದೇವರ ಉಪಕಾರವೆಂದು ಎಣಿಸಿ ಸ್ತೋತ್ರಮಾಡತಕ್ಕದ್ದೇ ಸರಿ.

ಆದರೆ ಒಂದು ಮಾತನ್ನು ಗಮನಿಸಿರಿ. ನೀತಿವಂತನಿಗೆ ಒಂದು ಸೂರ್ಯ, ಅನೀತಿವಂತನಿಗೆ ಇನ್ನೊಂದು ಸೂರ್ಯ ಎಂದು ದೇವರು ಭೇದಮಾಡಲಿಲ್ಲವೆಂದು ನಮ್ಮ ಕರ್ತನು ಬೆಟ್ಟದ ಮೇಲೆ ಕಲಿಸಿದನು. ಬಿಸಿಲು ಎಲ್ಲರಿಗೂ ಸಮವಾಗಿ ಬೀಳುತ್ತದೆ. ಅದನ್ನು ಹಿಡಿಯುವ ಪಾತ್ರೆಯಾದರೋ ಎಲ್ಲರ ಕೈಯಲ್ಲಿಲ್ಲ. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಒಂದು ಕೋಟಿ ಮನೆಗಳ ಮಾಳಿಗೆಗಳಿಗಾಗಿ ಯೋಜನೆಯನ್ನು ಆರಂಭಿಸಿ, ಮೂರು ಕಿಲೋವಾಟಿಗೆ ೭೮,೦೦೦ ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಇದು ಒಳ್ಳೆಯದೇ. ಆದರೂ ಫಲಕವನ್ನು ಹೊರುವ ಸ್ವಂತ ಮಾಳಿಗೆಯುಳ್ಳವನಿಗೆ ಆ ಸಹಾಯ ದೊರಕುವದೇ ಹೊರತು, ಹೆಂಚು ಮುರಿದ ಬಾಡಿಗೆ ಮನೆಯಲ್ಲಿ ಮಲಗುವವನಿಗೆ ಹೇಗೆ ದೊರಕೀತು? ಭೇದವು ಆಕಾಶದಿಂದ ಇಳಿದು ಬರಲಿಲ್ಲ, ನೆಲದಲ್ಲಿಯೇ ಹುಟ್ಟಿತು.

ಇದಕ್ಕೆ ನಮ್ಮ ರಾಜ್ಯದ ಪಾವಗಡವು ದೊಡ್ಡ ದೃಷ್ಟಾಂತ. ತುಮಕೂರು ಜಿಲ್ಲೆಯ ಆ ತಾಲೂಕು ಬರಗಾಲಕ್ಕೆ ಹೆಸರಾದದ್ದು. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ಸೌರ ಉದ್ಯಾನವನ್ನು ಕಟ್ಟಿದರು. ೨೦೧೮ರ ಮಾರ್ಚಿಯಲ್ಲಿ ಅದರ ಮೊದಲನೆಯ ಭಾಗವು ಉದ್ಘಾಟನೆಯಾಯಿತು. ೨೦೧೯ರ ಕೊನೆಗೆ ೨,೦೫೦ ಮೆಗಾವಾಟು ಪೂರ್ತಿಯಾಯಿತು. ರೈತರ ಭೂಮಿಯನ್ನು ಕ್ರಯಕ್ಕೆ ತಕ್ಕೊಳ್ಳಲಿಲ್ಲ, ಗುತ್ತಿಗೆಗೆ ತಕ್ಕೊಂಡರು. ಎಕರೆಗೆ ವರುಷಕ್ಕೆ ೨೧,೦೦೦ ರೂಪಾಯಿಯೆಂದು ಮೊದಲುಮಾಡಿ, ಎರಡೆರಡು ವರುಷಕ್ಕೆ ನೂರಕ್ಕೆ ಐದರಂತೆ ಏರುವ ಹಾಗೆ ಕರಾರಾಯಿತು. ಮಳೆ ನಂಬಿ ಕೆಟ್ಟ ರೈತನಿಗೆ ಇದು ತಪ್ಪದ ಆದಾಯವಾಯಿತು. ಭೂಮಿಯೂ ಅವನದಾಗಿಯೇ ಉಳಿಯಿತು. ಇದನ್ನು ನಾವು ಹೀಗಳೆಯಬಾರದು. ಆದರೆ ಬಾಡಿಗೆಯು ಪಟ್ಟೆಯಲ್ಲಿ ಹೆಸರಿದ್ದವನಿಗೆ ಬಂತು. ಕಳೆ ಕಿತ್ತವಳ ಹೆಸರು, ಕಡಲೇಕಾಯಿ ಬಿಡಿಸಿದವಳ ಹೆಸರು, ಕುರಿ ಮೇಯಿಸಿದವನ ಹೆಸರು ಯಾವ ಪಟ್ಟೆಯಲ್ಲಿಯೂ ಇರಲಿಲ್ಲ. ಭೂಮಿಯಿಲ್ಲದವರು ಹೊಲದ ಕೂಲಿಯನ್ನು ಕಳೆದುಕೊಂಡರೆಂದು ಅಲ್ಲಿಗೆ ಹೋಗಿ ವಿಚಾರಿಸಿದವರು ಬರೆದಿದ್ದಾರೆ.

ಇದಕ್ಕೆ ಕೆಲವರು ಹೇಳುವದೇನಂದರೆ: “ಭೂಮಿ ನನ್ನದು, ಕರಾರಿನಲ್ಲಿ ಮೋಸವಿಲ್ಲ, ಕೂಲಿಯವನಿಗೆ ನಾನು ಕೊಡಬೇಕಾದ ಕೂಲಿ ಒಂದು ಕಾಸೂ ಬಾಕಿಯಿಲ್ಲ. ನಾನು ಬೆಳೆ ಇಡದೆ ಬೀಳುಬಿಟ್ಟಿದ್ದರೂ ಅವನಿಗೆ ಕೆಲಸ ಇರುತ್ತಿರಲಿಲ್ಲವಷ್ಟೆ?” ಈ ಮಾತು ಹಗುರವಾದದ್ದಲ್ಲ. ಲೋಕದ ನ್ಯಾಯಾಲಯದಲ್ಲಿ ಇದಕ್ಕೆ ಎದುರು ಹೇಳುವದಕ್ಕಾಗದು. ಬರಗಾಲದಲ್ಲಿ ಬೀಳುಬಿಟ್ಟವನು ತಾನೂ ಹಸಿದನು, ಕೂಲಿಯವನೂ ಹಸಿದನು. ಅಲ್ಲಿ ತಪ್ಪು ಯಾರದೂ ಅಲ್ಲ. ಆದರೆ ಹೊಲವು ಫಲ ಕೊಡುತ್ತಿರುವಾಗ ಒಬ್ಬನು ಉಂಡು ಇನ್ನೊಬ್ಬನು ಗಂಟುಕಟ್ಟಿ ಊರು ಬಿಡುವದು ಅದಕ್ಕೆ ಸಮವೋ? ಈ ಹೊಲವು ಬೀಳುಬಿದ್ದದ್ದಲ್ಲ. ಅದು ವರುಷದಲ್ಲಿ ಹೆಚ್ಚುಕಡಿಮೆ ಎಲ್ಲಾ ದಿನಗಳಲ್ಲಿಯೂ ಕೊಯ್ಲಾಗುತ್ತಿರುವ ಹೊಲ.

ಮೋಶೆಯ ಧರ್ಮಶಾಸ್ತ್ರವು ಕೊಯ್ಲಿನ ಹೊಲದ ವಿಷಯದಲ್ಲಿ ಏನು ವಿಧಿಸಿತು? ಯಜಮಾನನು ಹೊಲದ ಅಂಚುಗಳನ್ನು ಪೂರಾ ಕೊಯ್ಯಬಾರದು. ಮರೆತು ಬಿಟ್ಟ ಸಿವುಡಿಗಾಗಿ ಹಿಂದಿರುಗಬಾರದು. ಉದುರಿದ್ದನ್ನು ಬಡವನಿಗೂ ಪರದೇಶಿಗೂ ವಿಧವೆಗೂ ಬಿಡಬೇಕು. ಇದರಲ್ಲಿ ನಾವು ಮೂರು ಸಂಗತಿಗಳನ್ನು ನೋಡಬಹುದು. ಒಂದನೆಯದು, ಇದು ಭಿಕ್ಷವಲ್ಲ. ಬಡವನ ಪಾಲು ಬೆಳೆಯೊಳಗೇ ಇಡಲ್ಪಟ್ಟಿತ್ತು. ಎರಡನೆಯದು, ಹಕ್ಕಲಾಯುವವನು ತಾನೇ ಬಗ್ಗಿ ದುಡಿದು ತಕ್ಕೊಳ್ಳುತ್ತಿದ್ದನು. ಯಾರ ಬಾಗಿಲಲ್ಲಿಯೂ ಕೈಯೊಡ್ಡಬೇಕಾಗಿರಲಿಲ್ಲವಾದ್ದರಿಂದ ಅವನ ಮಾನ ಉಳಿಯಿತು. ಮೂರನೆಯದು, ಅಪ್ಪಣೆಯು ಯಜಮಾನನಿಗೇ ಆಯಿತು. ಬಿಟ್ಟುಕೊಡುವದು ಅವನ ದಯೆಗೆ ಸೇರಿದ್ದಾಗಿರಲಿಲ್ಲ, ದೇವರಿಗೆ ಅವನು ಸಲ್ಲಿಸಬೇಕಾದ ವಿಧೇಯತೆಯಾಗಿತ್ತು. ಯಾಕಂದರೆ ಮಳೆಬಿಸಿಲುಗಳನ್ನು ಅವನು ಬಿತ್ತಲಿಲ್ಲ. ಹಾಗಾದರೆ ಬಿಸಿಲೇ ಬೆಳೆಯಾಗಿರುವ ಹೊಲದಲ್ಲಿ ಈ ಋಣವು ಕಡಿಮೆಯಾಗುವದೋ, ಹೆಚ್ಚಾಗುವದೋ? ನೀವೇ ತೀರ್ಪುಮಾಡಿರಿ.

ಗಾಜಿನ ಹೊಲದಲ್ಲಿ ಹಕ್ಕಲು ಹೇಗೆ ಉಂಟಾದೀತೆಂದು ಕೇಳುವಿರೋ? ಅದಕ್ಕೆ ದಾರಿಗಳಿಲ್ಲದೆ ಇಲ್ಲ. ಆಸ್ಟ್ರೇಲಿಯಾ ದೇಶದಲ್ಲಿ ಫಲಕಗಳ ಕೆಳಗಿನ ಹುಲ್ಲನ್ನು ಕುರಿಗಳಿಗೆ ಬಿಟ್ಟಿದ್ದಾರೆ. ಜರ್ಮನಿಯ ಹೆಗೆಲ್‌ಬಾಖ್ ಎಂಬಲ್ಲಿ ೨೦೧೬ರಲ್ಲಿ ಫಲಕಗಳನ್ನು ಎತ್ತರವಾದ ಕಂಬಗಳ ಮೇಲೆ ನಿಲ್ಲಿಸಿ, ಅವುಗಳ ಕೆಳಗೆ ಗೋದಿಯನ್ನೂ ಬಟಾಟೆಯನ್ನೂ ಬೆಳೆದು ನೋಡಿದರು. ಮೇಲೆ ಬಿಸಿಲಿನ ಬೆಳೆ, ಕೆಳಗೆ ಮಣ್ಣಿನ ಬೆಳೆ. ಬೆಂಗಳೂರಿನಲ್ಲಿ ೧೯೯೫ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆಯವರು, ತಿಂಗಳಿಗೆ ಮುನ್ನೂರು ರೂಪಾಯಿ ಕೊಡಲಾರದ ಬಡವರು ದಿನಕ್ಕೆ ಹತ್ತು ರೂಪಾಯಿ ಕೊಡಬಲ್ಲರೆಂದು ತಿಳಿದು, ಅವರವರ ಸಂಪಾದನೆಗೆ ತಕ್ಕ ಕಂತಿನ ಸಾಲವನ್ನು ಬ್ಯಾಂಕುಗಳಿಂದ ಕೊಡಿಸಿ ಅವರ ಮನೆಗಳಿಗೆ ಸೌರದೀಪವನ್ನು ಮುಟ್ಟಿಸಿದರು. ೨೦೧೧ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮನಸ್ಸಿದ್ದಲ್ಲಿ ಅಂಚು ಬಿಡುವದಕ್ಕೆ ಜಾಗವಿದೆಯೆಂದು ಇವು ತೋರಿಸುತ್ತವೆ.

ಇನ್ನು ನಮ್ಮ ಮಾತು. ನಮ್ಮ ಸಭೆಗಳಲ್ಲಿ ಭೂಮಿಯುಳ್ಳವರು ಕೆಲವರು, ಇಲ್ಲದವರು ಬಹಳ ಮಂದಿ. ಭೂಮಿಯನ್ನು ಗುತ್ತಿಗೆಗೆ ಕೊಡುವ ಸಹೋದರನು ರುಜು ಹಾಕುವದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಕೇಳಲಿ: ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲಿರುವ ಕೆಲಸವು ನನ್ನ ಹೊಲದಲ್ಲಿ ದುಡಿದವರಿಗೇ ಮೊದಲು ಸಿಕ್ಕುವದೋ? ಇದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆಯಿಸಲಿ. ಬಾಡಿಗೆ ಬಂದ ಮೇಲೆ, ಕೂಲಿ ತಪ್ಪಿದವರ ಒಂದು ಮಗುವಿಗೆ ವಿದ್ಯುತ್ತಿನ ಕೆಲಸವನ್ನು ಕಲಿಸುವ ಖರ್ಚನ್ನು ಅಂಚಿನ ಪಾಲಾಗಿ ತೆಗೆದಿಡಲಿ. ದೇವಾಲಯದ ಮಾಳಿಗೆಗೆ ಫಲಕ ಹಾಕಿಸಿದ ಸಭೆಯು, ದೀಪವಿಲ್ಲದ ಮನೆಗಳ ಮಕ್ಕಳು ರಾತ್ರಿ ಬಂದು ಓದುವದಕ್ಕಾಗಿ ಬಾಗಿಲನ್ನು ತೆರೆದಿಡಲಿ; ಅವರ ಜಾತಿಯನ್ನೂ ಮತವನ್ನೂ ಕೇಳದಿರಲಿ. ಬಿಸಿಲು ಅದನ್ನು ಕೇಳಲಿಲ್ಲವಲ್ಲ.

ಕಡೆಯದಾಗಿ, ಫಲಕವನ್ನು ಜೋಡಿಸುವವರೇ ಬಲ್ಲ ಒಂದು ಸಂಗತಿಯನ್ನು ಹೇಳುತ್ತೇನೆ. ಫಲಕದ ಬಿಲ್ಲೆಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿರುತ್ತವೆ. ಅವುಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೆ, ಬಿಸಿಲಿನಲ್ಲಿರುವ ಉಳಿದವುಗಳ ಹರಿವೂ ಕುಗ್ಗುತ್ತದೆ. ನೆರಳಿನಲ್ಲಿದ್ದ ಬಿಲ್ಲೆಯು ಕಾದು ಕೆಡುವದೂ ಉಂಟು. ಹೀಗಾಗದಂತೆ ಫಲಕವನ್ನು ಮಾಡುವವರು ಬೇರೊಂದು ದಾರಿಯನ್ನು ಮುಂಚಿತವಾಗಿ ಇಡುತ್ತಾರೆ; ಆಗ ಹರಿವು ಆ ಸಾಲಿನ ಬಿಲ್ಲೆಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಗಾಜಿನ ಫಲಕಕ್ಕೆ ಅದು ಸಾಕು. ಆದರೆ ಕ್ರಿಸ್ತನ ಶರೀರವಾದ ಸಭೆಯಲ್ಲಿ ನೆರಳಿನಲ್ಲಿರುವ ಅಂಗವನ್ನು ಬಿಟ್ಟು ಮುಂದಕ್ಕೆ ಹೋಗುವ ದಾರಿಯಿಲ್ಲ. ಒಂದು ಅಂಗಕ್ಕೆ ನೋವಾದರೆ ಎಲ್ಲವುಗಳಿಗೂ ನೋವೆಂದು ಪೌಲನು ಕೊರಿಂಥದವರಿಗೆ ಕಲಿಸಿದ್ದನ್ನು ನೀವು ಬಲ್ಲಿರಿ.

ಆ ತಾಯಿಗೆ ನಾನು ಆಮೇಲೆ ಕೊಟ್ಟ ಉತ್ತರ ಇಷ್ಟೇ: “ಅಮ್ಮಾ, ಹಕ್ಕಲು ಉಂಟು. ನಾವು ಅದನ್ನು ಬಿಡದೆ ಕೊಯ್ದುಕೊಂಡಿದ್ದೇವೆ.” ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹೊಲದವರಿಗೆ ಯಾರಾದರೂ ಹೇಳಬೇಕು, ಅಯ್ಯನವರೇ” ಅಂದಳು. ಆದಕಾರಣ ಇದನ್ನು ಬರೆದೆನು. ಬೋವಜನು ತನ್ನ ಆಳುಗಳಿಗೆ ಆಜ್ಞಾಪಿಸಿ ಬೇಕೆಂದೇ ತೆನೆಗಳನ್ನು ಬೀಳಿಸಿದಂಥಾ ಮನಸ್ಸನ್ನು ಕರ್ತನು ನಮಗೂ ದಯಪಾಲಿಸಲಿ.