ಮುಖ ಮಲಗಿದೆ

ನಮ್ಮ ಬೀದಿ ತುದಿಯ ಟೈಲರ್ ಅಂಗಡಿಯವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಐದಾರು ವರ್ಷ ಅವನೊಡನೆ ನನ್ನ ವ್ಯವಹಾರವೆಲ್ಲ ಚೀಟಿಯಲ್ಲೇ ನಡೆಯಿತು. ‘ಕಾಲರ್ ಸಣ್ಣದಿರಲಿ’, ‘ಶುಕ್ರವಾರ ಬೇಕು’. ಶುಕ್ರವಾರದ ಅಂಗಿ ಎರಡು ಸಲ ಸೋಮವಾರಕ್ಕೆ ಬಂದ ಮೇಲೆ ಹೊಳೆಯಿತು: ಚೀಟಿ ನನಗೆ ಸಲೀಸು, ಅವನಿಗಲ್ಲ. ಕಿವಿಗೆ ಎಂದೂ ಬೀಳದ ಕನ್ನಡ ಅವನಿಗೆ ಕಣ್ಣಿನಿಂದ ಅಕ್ಷರ ಅಕ್ಷರವಾಗಿ ಕಲಿತ ಪರಭಾಷೆ. ಅವನ ಮಾತು ಬೆರಳಲ್ಲಿತ್ತು. ಅದನ್ನು ಕಲಿಯಲು, ಹೊಲಿಸಲು ಬಟ್ಟೆ ಇಲ್ಲದಿದ್ದರೂ ಅಂಗಡಿಗೆ ಹೋಗಿ ಕೂರತೊಡಗಿದೆ.

ಸನ್ನೆ ಎಂದರೆ ಮೂಕಾಭಿನಯ ಅಂದುಕೊಂಡಿದ್ದೆ. ಅದಕ್ಕೂ ವ್ಯಾಕರಣವಿದೆ! ಭಾರತೀಯ ಸನ್ನೆ ಭಾಷೆಯಲ್ಲಿ ‘ಏನು’, ‘ಎಲ್ಲಿ’ಗಳು ವಾಕ್ಯದ ಕೊನೆಗೆ ಬರುತ್ತವೆ. ‘ನಿನ್ನ ಹೆಸರು ಏನು’ ಎಂಬ ಕ್ರಮ ನನಗೆ ಹೊಸದೆನಿಸಲಿಲ್ಲ. ‘ಇಲ್ಲ’ವೂ ಕೊನೆಯಲ್ಲೇ, ನಮ್ಮ ‘ಬರಲಿಲ್ಲ’ದ ಹಾಗೆ.

ಬೆರಳು ಬೇಗ ಪಳಗಿದವು. ಕಷ್ಟವಾದದ್ದು ಮುಖ. ಒಂದು ಮಧ್ಯಾಹ್ನ ‘ಊಟ ಆಯಿತಾ’ ಎಂದು ಕೇಳಿದೆ. ಅವನು ಸುಮ್ಮನೆ ನೋಡಿದ. ಮತ್ತೆ ಕೇಳಿದೆ. ಆಮೇಲೆ ಅವನು ಎದ್ದು ಬಂದು ಹೆಬ್ಬೆರಳಿನಿಂದ ನನ್ನ ಹುಬ್ಬನ್ನು ಮೇಲಕ್ಕೆ ತಳ್ಳಿದ. ಹೌದು–ಇಲ್ಲ ಎಂದು ಉತ್ತರ ಬಯಸುವ ಪ್ರಶ್ನೆ ಇರುವುದು ಹುಬ್ಬಿನಲ್ಲಿ. ಅದು ಏಳದಿದ್ದರೆ ‘ನಿನ್ನ ಊಟ ಆಯಿತು’ ಎಂದು ನಾನೇ ಅವನಿಗೆ ವರದಿ ಒಪ್ಪಿಸಿದಂತೆ. ಆಮೇಲೆ ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ, ನನ್ನ ಮುಖದತ್ತ ಬೆರಳು ತೋರಿಸಿದ. ಮಲಗಿದೆ, ಅಂತ.

ನಾಚಿಕೆಯಾಯಿತು. ಮಾತು ಬಲ್ಲವನೆಂದು ಮುಖಕ್ಕೆ ಎಷ್ಟು ವರ್ಷ ರಜೆ ಕೊಟ್ಟಿದ್ದೆನೋ.

ಬಾಯಿಮಾತೇ ಮಾತು ಅಂದುಕೊಂಡವನು ನಾನೊಬ್ಬನೇ ಅಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನವೊಂದು, ಶಾಲೆಗಳಲ್ಲಿ ಸನ್ನೆ ಬೇಡ, ತುಟಿ ನೋಡಿ ಮಾತಾಡಲು ಕಲಿಸಿ ಎಂದು ನಿರ್ಣಯಿಸಿತು. ಸೇರಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳಿಸುವವರೇ. ಅಮೆರಿಕದ ವಿಲಿಯಂ ಸ್ಟೋಕೊ ಅಲ್ಲಿನ ಸನ್ನೆಗೆ ಭಾಷೆಯ ರಚನೆಯೇ ಇದೆಯೆಂದು ಬರೆದದ್ದು 1960ರಲ್ಲಿ. ಆ ಸಮ್ಮೇಳನದ ಪರಂಪರೆಯವರು ಮಿಲಾನ್ ನಿರ್ಣಯಕ್ಕೆ ವಿಷಾದ ಹೇಳಿದ್ದು 2010ರಲ್ಲಿ. ನೂರ ಮೂವತ್ತು ವರ್ಷ! ನನ್ನ ಚೀಟಿಗಳೂ ಆ ನಿರ್ಣಯದ ಬಡ ನೆಂಟರೇ ಇರಬೇಕು.

ಮನೆಯಲ್ಲಿ ನಾನು ಮೊಬೈಲ್ ನೋಡುತ್ತ ‘ಹೂಂ’ ಅನ್ನಬಲ್ಲೆ. ಹೆಂಡತಿ ಅಡುಗೆಮನೆಯಿಂದ ಹೇಳಿದ್ದಕ್ಕೆ ಹಾಲ್‌ನಿಂದಲೇ ಉತ್ತರಿಸಬಲ್ಲೆ. ಅಂಗಡಿಯಲ್ಲಿ ಅದು ನಡೆಯದು. ಅವನು ಮಾತಾಡಬೇಕಾದರೆ ಕತ್ತರಿ ಕೆಳಗಿಡಬೇಕು, ಪೆಡಲ್ ಮೇಲಿನ ಕಾಲು ನಿಲ್ಲಬೇಕು. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಸಂಭಾಷಣೆಗೂ ವಿರಾಮ. ಪ್ರತಿ ಮಾತಿಗೂ ಒಂದಿಷ್ಟು ಕೂಲಿ ಕಳೆದುಕೊಳ್ಳುವವನು ಸುಮ್ಮನೆ ಹರಟುವುದಿಲ್ಲ. ನಾನು ಕಣ್ಣು ಬೇರೆಡೆ ಹೊರಳಿಸಿದರೆ ಅವನ ವಾಕ್ಯ ಅಲ್ಲಿಗೇ ಸತ್ತಂತೆ, ಹಾಗಾಗಿ ಮೇಜು ತಟ್ಟಿ ಎಚ್ಚರಿಸುತ್ತಾನೆ.

ಮೊನ್ನೆ ಸಂಜೆ ಮದುವೆಗೆ ಹೊರಡುವ ಅವಸರದಲ್ಲಿ ಅಂಗಡಿಗೆ ಹೋದೆ. ಹುಬ್ಬು ಸರಿಯಾಗಿ ಏರಿಸಿಯೇ ಕೇಳಿದೆ. ಅವನ ಕೈ ‘ಅಂಗಿ’ ಎಂದಿತು, ‘ಇವತ್ತು’ ಎಂದಿತು, ‘ಮುಗಿದು’ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಗವ್ವೆನ್ನುವ ಕತ್ತಲಲ್ಲಿ ಇಬ್ಬರೂ ಮೂಕರಾಗಿ ನಿಂತೆವು. ಕೊನೆಯ ಸನ್ನೆ ಬಾಕಿ ಇತ್ತೋ ಇಲ್ಲವೋ! ಅವನು ನನ್ನ ಮಣಿಕಟ್ಟು ಹಿಡಿದು ಹೊಸ್ತಿಲವರೆಗೆ ಎಳೆದುಕೊಂಡು ಬಂದ. ಅತ್ತ ಹಾದ ಸ್ಕೂಟರ್ ಬೆಳಕಿನಲ್ಲಿ ಮೊದಲು ಕಂಡದ್ದು ಅವನ ಮುಖ. ಕೈ ಆಮೇಲೆ ಎದ್ದಿತು: ಇಲ್ಲ.