ಮಾಡಿದವನು ಯಾರು?

“ಇದನ್ನು ಮಾಡಿದವನು ನಾನು” ಎಂಬ ಮಾತು ನಾಲಗೆಗೆ ಬಲು ಸುಲಭ. ಅದರ ಸತ್ಯವನ್ನು ಅಳೆಯುವುದು ಮಾತ್ರ ಸುಲಭವಲ್ಲ. ಈಚೆಗೆ ನನ್ನ ತಂಗಿಯ ಮಗನು ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ತರಿಸಿ, ಕೈಯಲ್ಲಿ ಹಿಡಿದು ಆಡುವ ಹಳೆಯ ಮಾದರಿಯ ಆಟದ ಯಂತ್ರವನ್ನು ಜೋಡಿಸಿದನು. ಅದನ್ನು ಶಾಲೆಯ ಪ್ರದರ್ಶನಕ್ಕೆ ಒಯ್ಯುವ ಹಿಂದಿನ ರಾತ್ರಿ, “ಮಾವಾ, ಚೀಟಿಯಲ್ಲಿ ಮಾಡಿದವನು ಎಂದು ನನ್ನ ಹೆಸರನ್ನು ಬರೆಯಬಹುದೆ?” ಎಂದು ಕೇಳಿದನು. ಒಡನೆಯೇ ಉತ್ತರ ಹೇಳಲು ನನ್ನಿಂದಾಗಲಿಲ್ಲ.

ಆ ಯಂತ್ರದ ಹೆಸರು ಮೇಕರ್‌ಬ್ಯುಯಿನೊ. ಕ್ರೊವೇಷಿಯಾದ ಆಲ್ಬರ್ಟ್ ಗೈಷಾಕ್ ಎಂಬ ತರುಣನು 2017ರಲ್ಲಿ ಜನರಿಂದ ಮುಂಗಡವಾಗಿ ಹಣ ಕೂಡಿಸಿ ಅದನ್ನು ಹೊರತಂದನು. ಅವನಿಗೆ ಆಧಾರವಾದುದು ಫ್ರಾನ್ಸಿನ ಗೇಮ್‌ಬ್ಯುಯಿನೊ; ಅದರ ರಚನೆಯನ್ನು ಸರ್ವರೂ ಬಳಸಬಹುದೆಂದು ಅದರ ಕರ್ತೃವು ತೆರೆದಿಟ್ಟಿದ್ದನು. ಯಂತ್ರದ ಮಿದುಳು ಎಟಿಮೆಗಾ328 ಎಂಬ ಚಿಪ್ಪು. ಆಟದ ಕ್ರಮವನ್ನು ಬರೆದಿಡಲು ಅದರಲ್ಲಿ 32 ಕಿಲೋಬೈಟುಗಳೂ, ಆಡುವಾಗಿನ ನೆನಪಿಗೆ 2 ಕಿಲೋಬೈಟುಗಳೂ ಉಂಟು. ಪರದೆಯೋ 1998ರ ನೋಕಿಯಾ 5110 ದೂರವಾಣಿಯ ಬಗೆಯದು. ಅಗಲಕ್ಕೆ 84, ಎತ್ತರಕ್ಕೆ 48 ಚುಕ್ಕೆಗಳು, ಅಷ್ಟೆ. ಹುಡುಗನು ಅದರಲ್ಲಿ ಮೊದಲು ಆಡಿದ ಚೆಂಡುದಾಂಡಿನ ಆಟವೂ 1972ರಲ್ಲಿ ಅಟಾರಿ ಸಂಸ್ಥೆಯು ಹೊರಡಿಸಿದ ಪಾಂಗ್‌ನ ಸಂತತಿ. ಹೀಗೆ ಲೆಕ್ಕ ಹಾಕುತ್ತ ಹೋದರೆ ಹುಡುಗನದೆಂದು ಉಳಿಯುವುದೇನು?

ಕುಂಬಾರನು ಮಣ್ಣನ್ನು ಸೃಷ್ಟಿಸಲಿಲ್ಲ, ಆದರೂ ಗಡಿಗೆ ಅವನದೇ ಅಲ್ಲವೆ ಎಂದು ಕೇಳಬಹುದು. ದಿಟ, ಆದರೆ ಗಡಿಗೆಯ ಆಕಾರವು ಕುಂಬಾರನ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಈ ಹುಡುಗನಿಗಾದರೋ ಆಕಾರವೂ ಪೆಟ್ಟಿಗೆಯೊಡನೆಯೇ ಬಂದಿತು. ಆದುದರಿಂದ ಆ ದೃಷ್ಟಾಂತವು ಇಲ್ಲಿ ನಿಲ್ಲಲಾರದು.

ನನಗೆ ದಾರಿ ತೋರಿದುದು ಒಂದು ಸೋಲು. ಮೊದಲ ಸಲ ಗುಂಡಿಯನ್ನು ಒತ್ತಿದಾಗ ಪರದೆಯಲ್ಲಿ ಏನೂ ಮೂಡಲಿಲ್ಲ. ಹುಡುಗನು ಅಳುಮುಖ ಮಾಡಿದನೇ ಹೊರತು ಪೆಟ್ಟಿಗೆ ಕಳುಹಿಸಿದವರನ್ನು ಬಯ್ಯಲಿಲ್ಲ. ಹಲಗೆಯನ್ನು ತಿರುಗಿಸಿ, ಒಂದೊಂದು ಬೆಸುಗೆಯನ್ನೂ ಭೂತಗನ್ನಡಿಯಿಂದ ನೋಡತೊಡಗಿದನು. ತಂತಿಯನ್ನೂ ತಾಮ್ರದ ಬಿಲ್ಲೆಯನ್ನೂ ಕೂಡಿಯೇ ಕಾಯಿಸಿ ಆ ಮೇಲೆ ತವರವನ್ನು ಮುಟ್ಟಿಸಬೇಕು. ತವರವನ್ನು ಮಾತ್ರ ಕರಗಿಸಿದರೆ ಅದು ಹನಿಯಾಗಿ ಕುಳಿತುಬಿಡುತ್ತದೆ, ಒಳಗೆ ಹಿಡಿಯುವುದಿಲ್ಲ. ಅಂತಹ ಹುಸಿ ಬೆಸುಗೆಯೊಂದು ಪರದೆಯ ಸಾಲಿನಲ್ಲಿ ಸಿಕ್ಕಿತು. ಅದನ್ನು ಮತ್ತೆ ಕಾಯಿಸಿದನು, ಚುಕ್ಕೆಗಳು ಬೆಳಗಿದವು.

ಆಗ ನನಗೆ ತೋರಿದುದಿಷ್ಟು: ಒಂದು ವಸ್ತುವಿನಲ್ಲಿ ನಮ್ಮದೆಷ್ಟು ಎಂಬುದನ್ನು ನಾವು ಹೊಸದಾಗಿ ಸೇರಿಸಿದುದರಿಂದ ಅಳೆಯಬಾರದು, ಅದು ಕೆಟ್ಟಾಗ ಎಷ್ಟಕ್ಕೆ ನಾವು ಹೊಣೆಯಾಗಬಲ್ಲೆವೋ ಅದರಿಂದ ಅಳೆಯಬೇಕು. ಚಿಪ್ಪು ಸುಟ್ಟರೆ ಹುಡುಗನು ಉತ್ತರ ಹೇಳಲಾರನು. ಬೆಸುಗೆ ಬಿಟ್ಟರೆ ಹೇಳಬಲ್ಲನು. ಅಷ್ಟು ಅವನದು. ಉಳಿದುದು ಋಣ. ಋಣವನ್ನು ಹೆಸರಿಸುವುದರಿಂದ ಯಾರೂ ಸಣ್ಣವರಾಗುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಕಳವಿನ ವಾಸನೆ ಬರುತ್ತದೆ. ಹಿರಿಯರ ನುಡಿಯನ್ನೇ ಹೊಸೆದು ಲೇಖನ ಬರೆಯುವ ನಮ್ಮಂಥವರಿಗೂ ಈ ಮಾತು ಸಲ್ಲುತ್ತದೆ.

ಹುಡುಗನು ನನ್ನ ಮಾತನ್ನು ಪೂರ್ತಿ ಒಪ್ಪಿದನೆಂದು ಹೇಳಲಾರೆ. ಆದರೂ ಬೆಳಗ್ಗೆ ಚೀಟಿಯಲ್ಲಿ ರಚಿಸಿದವರ ಹೆಸರುಗಳನ್ನು ಮೇಲೆ ಬರೆದು, ಕೆಳಗೆ “ಬೆಸೆದವನು” ಎಂದು ತನ್ನ ಹೆಸರನ್ನು ಬರೆದಿದ್ದನು. ಅದರ ಕೆಳಗೆ ಇನ್ನೊಂದು ಸಾಲು ಇದ್ದಿತು: “ಕೆಟ್ಟರೆ ನನ್ನನ್ನು ಕರೆಯಿರಿ.”